ಒಂದೇ ತಾರೀಖಿಗೆ ಹೋದವರ ಪಟ್ಟಿ ಮಾಡೋದು ಹೇಗೆ

ಜನವರಿ 21 ತಗೊಳ್ಳಿ. 1793ರಲ್ಲಿ ಪ್ಯಾರಿಸ್ಸಿನ ಗಿಲೊಟಿನ್ನಿನಲ್ಲಿ ದೊರೆ ಹದಿನಾರನೇ ಲೂಯಿಯ ತಲೆ ಬಿತ್ತು. 1924ರಲ್ಲಿ ಲೆನಿನ್ ತೀರಿಕೊಂಡರು. 1945ರಲ್ಲಿ ಟೋಕಿಯೋದಲ್ಲಿ ರಾಸ್‌ಬಿಹಾರಿ ಬೋಸ್. 1950ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಆರ್ವೆಲ್, ಕ್ಷಯ, ಇನ್ನೂ 46 ವರ್ಷ. 2019ರಲ್ಲಿ ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ, 111 ವರ್ಷ. ಒಬ್ಬ ದೊರೆ, ದೊರೆಗಳನ್ನೇ ಬೇಡ ಅಂದವನು, ಒಬ್ಬ ಕ್ರಾಂತಿಕಾರಿ, ಒಬ್ಬ ಲೇಖಕ, ಸಾವಿರಾರು ಮಕ್ಕಳಿಗೆ ದಿನಾ ಅನ್ನ ಹಾಕಿದ ಒಬ್ಬ ಸ್ವಾಮೀಜಿ. ಈ ಐವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವ ಊಟ ಯಾವ ಊರಲ್ಲೂ ಆಗೋದಿಲ್ಲ. ಕ್ಯಾಲೆಂಡರಿನ ಒಂದು ಚೌಕದಲ್ಲಿ ಮಾತ್ರ ಆಗುತ್ತದೆ.

ನಮ್ಮ ಬಡಾವಣೆಯ ವಾಚನಾಲಯದ ಬಾಗಿಲ ಪಕ್ಕ ಒಂದು ಕರಿಹಲಗೆ ಇದೆ. ಆರು ವರ್ಷದಿಂದ ಅದರ ಮೇಲೆ 'ಈ ದಿನ ಹೋದವರು' ಅಂತ ಬೆಳಗ್ಗೆ ಬೆಳಗ್ಗೆ ನಾಲ್ಕೈದು ಸಾಲು ಬರೆಯುವ ಕೆಲಸ ನನ್ನದು. ಸಂಬಳ ಇಲ್ಲ, ಬೈಗುಳ ಇದೆ. ಶಾಲೆಯ ಗೋಡೆಗೋ ಫ್ಯಾಮಿಲಿ ಗ್ರೂಪಿಗೋ ಇಂಥದ್ದೇ ಪಟ್ಟಿ ಮಾಡಬೇಕು ಅನ್ನುವವರು ಆಗಾಗ ಹೇಗೆ ಮಾಡ್ತೀರಿ ಅಂತ ಕೇಳುತ್ತಾರೆ. ಅವರಿಗಾಗಿ ಇದು. ಹೆಸರು ಸಿಗುವುದು ಏನೂ ಕಷ್ಟವಲ್ಲ. ಎರಡು ಹೆಸರನ್ನು ಒಂದೇ ದಿನದ ಕೆಳಗೆ ಬರೆಯುವ ಮುಂಚೆ ಅದು ನಿಜವಾಗಿ ಒಂದೇ ದಿನವಾ ಅಂತ ನೋಡುವುದರಲ್ಲಿ ಎಲ್ಲ ಕಷ್ಟ ಇದೆ.

ನನಗೆ ಇದು ಗೊತ್ತಾಗಿದ್ದು ಮರ್ಯಾದೆ ಹೋದ ಮೇಲೆ. ಮೊದಲ ವರ್ಷ ಏಪ್ರಿಲ್ 23ಕ್ಕೆ ದೊಡ್ಡದಾಗಿ ಬರೆದೆ: 'ಷೇಕ್ಸ್‌ಪಿಯರ್ ಮತ್ತು ಸರ್ವಾಂಟಿಸ್, ಜಗತ್ತಿನ ಇಬ್ಬರು ಮಹಾ ಲೇಖಕರು, 1616ರ ಇದೇ ದಿನ ಒಟ್ಟಿಗೆ ಕಣ್ಣು ಮುಚ್ಚಿದರು.' ಬಣ್ಣದ ಸೀಮೆಸುಣ್ಣ ಬೇರೆ. ಹತ್ತು ಗಂಟೆಗೆ ಪೇಪರ್ ಓದಲು ಬಂದ ನಿವೃತ್ತ ಮೇಷ್ಟ್ರೊಬ್ಬರು ಹಲಗೆಯ ಮುಂದೆ ಕನ್ನಡಕ ಸರಿಮಾಡಿಕೊಂಡು ನಿಂತರು. "ಏನಪ್ಪಾ, ಇಂಗ್ಲೆಂಡಿನ ಏಪ್ರಿಲ್ 23ನೂ ಸ್ಪೇನಿನ ಏಪ್ರಿಲ್ 23ನೂ ಆಗ ಒಂದೇ ದಿನ ಆಗಿತ್ತಾ?" ಅಂದರು. ನಾನು ಕಣ್ಣು ಕಣ್ಣು ಬಿಟ್ಟೆ. ಅವರೇ ವಿವರಿಸಿದರು, ಅದು ಕೆಳಗೆ ಬರುತ್ತದೆ.

ಮೊದಲು, ನೀವು ಯಾವ ಪಟ್ಟಿ ಮಾಡುತ್ತಿದ್ದೀರಿ ಅಂತ ನಿರ್ಧರಿಸಿ. 'ಒಂದೇ ದಿನ ಸತ್ತವರು' ಅನ್ನುವ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿ ಅಡಗಿವೆ. ಭಗತ್ ಸಿಂಗ್, ರಾಜಗುರು, ಸುಖದೇವ್ 1931ರ ಮಾರ್ಚ್ 23ರ ಸಂಜೆ ಲಾಹೋರ್ ಜೈಲಿನಲ್ಲಿ ಒಟ್ಟಿಗೆ ಗಲ್ಲಿಗೇರಿದರು. ಅದು ಕಾಕತಾಳೀಯ ಅಲ್ಲವೇ ಅಲ್ಲ, ಒಂದೇ ಘಟನೆ. ಎರಡನೆಯದು, ಒಂದೇ ವರ್ಷದ ಒಂದೇ ದಿನ, ಆದರೆ ಒಬ್ಬರಿಗೂ ಇನ್ನೊಬ್ಬರಿಗೂ ಸಂಬಂಧ ಇಲ್ಲ. 1948ರ ಜನವರಿ 30ರ ಸಂಜೆ ದೆಹಲಿಯಲ್ಲಿ ಗಾಂಧೀಜಿಗೆ ಗುಂಡು ಬಿತ್ತು. ವಿಮಾನ ಹಾರಿಸಿದ ಅಣ್ಣತಮ್ಮಂದಿರಲ್ಲಿ ಕಿರಿಯವರು ಆರ್ವಿಲ್ ರೈಟ್ ತೀರಿಕೊಂಡದ್ದೂ ಅದೇ ತಾರೀಖು, ಅಮೆರಿಕದ ಡೇಟನ್ ಊರಲ್ಲಿ. ಇದನ್ನು ಹಲಗೆಗೆ ಬರೆದ ದಿನ ಮೂವರು ಬಂದು ನಿಜವಾ ಅಂತ ಕೇಳಿದ್ದರು. ಮೂರನೆಯದು, ತಾರೀಖು ಮಾತ್ರ ಒಂದೇ, ವರ್ಷ ಬೇರೆ. ನಮ್ಮ ರಾಜ್‌ಕುಮಾರ್ 2006ರ ಏಪ್ರಿಲ್ 12, ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12. ಪಟ್ಟಿಯ ಬಹುಪಾಲು ಈ ಮೂರನೇ ಜಾತಿಯದ್ದೇ. ಮೂರನ್ನೂ ಕಲಸಿ ಹಾಕಿದರೆ ಓದುವವರಿಗೆ ಯಾವುದಕ್ಕೆ ಬೆರಗಾಗಬೇಕು ಅಂತಲೇ ತಿಳಿಯುವುದಿಲ್ಲ.

ಇನ್ನು ಪುಸ್ತಕ. 366 ಪುಟದ ಡೈರಿ ಇದ್ದರೆ ಸಾಕು, ವಾರದ ದಿನ ಹೊಡೆದುಹಾಕಿ. ಕಂಪ್ಯೂಟರಿನಲ್ಲಿ ಮಾಡುವವರು ಒಂದು ಮಾತು ನೆನಪಿಡಿ. ಎಕ್ಸೆಲ್‌ನಲ್ಲಿ ತಾರೀಖಿನ ಲೆಕ್ಕ ಶುರುವಾಗುವುದೇ 1900ರಿಂದ. ಟಿಪ್ಪು ಸುಲ್ತಾನ್ ಅಂತ ಬರೆದು ಪಕ್ಕದಲ್ಲಿ 4-5-1799 ಹಾಕಿದರೆ ಅದು ಅದನ್ನು ತಾರೀಖು ಅಂತಲೇ ಒಪ್ಪುವುದಿಲ್ಲ, ಸುಮ್ನೆ ಅಕ್ಷರ ಅಂದುಕೊಳ್ಳುತ್ತದೆ. ಆಮೇಲೆ ತಾರೀಖಿನ ಪ್ರಕಾರ ಜೋಡಿಸಲು ಹೋದರೆ ಟಿಪ್ಪು ಒಂದು ಕಡೆ, ಅದೇ ಮೇ 4ಕ್ಕೆ 1980ರಲ್ಲಿ ಹೋದ ಯುಗೊಸ್ಲಾವಿಯಾದ ಟಿಟೋ ಇನ್ನೊಂದು ಕಡೆ. ಅದಕ್ಕೇ ತಿಂಗಳಿಗೆ ಒಂದು ಕಾಲಂ, ದಿನಕ್ಕೆ ಒಂದು, ವರ್ಷಕ್ಕೆ ಒಂದು ಮಾಡಿ. ಮೊದಲು ತಿಂಗಳು, ಆಮೇಲೆ ದಿನ, ಕೊನೆಗೆ ವರ್ಷ ಅಂತ ಜೋಡಿಸಿದರೆ ಪಟ್ಟಿ ತಾನಾಗೇ ಕೂರುತ್ತದೆ. ಇನ್ನೆರಡು ಕಾಲಂ ಬಿಡಿ: ಸತ್ತ ಊರು, ಗೊತ್ತಿದ್ದರೆ ಸಮಯ. ಈ ಎರಡು ಯಾಕೆ ಬೇಕು ಅಂತ ಆಮೇಲೆ ಗೊತ್ತಾಗುತ್ತದೆ. ತಿಂಗಳನ್ನು ಅಂಕಿಯಲ್ಲಿ ಬೇಡ, ಹೆಸರಲ್ಲೇ ಬರೆದುಕೊಳ್ಳಿ ಅಂತ ಡೈರಿಯವರಿಗೆ ಹೇಳುತ್ತೇನೆ. ವಿವೇಕಾನಂದರು 4/7/1902 ಅಂತ ನಾವು ಬರೆದರೆ ಅಮೆರಿಕದಲ್ಲಿರುವ ನಿಮ್ಮ ಸೊಸೆ ಅದನ್ನು ಏಪ್ರಿಲ್ 7 ಅಂತ ಓದುತ್ತಾಳೆ.

ಹೆಸರು ಹುಡುಕಲು ವಿಕಿಪೀಡಿಯದಲ್ಲಿ ವರ್ಷದ ಪ್ರತಿ ದಿನಕ್ಕೂ ಒಂದು ಪುಟ ಇದೆ, ಅಲ್ಲಿಂದ ಶುರುಮಾಡಿ. ಆದರೆ ಅಲ್ಲಿಗೇ ನಿಲ್ಲಬೇಡಿ, ನಮ್ಮವರು ಅಲ್ಲಿ ಕಮ್ಮಿ. ಕನ್ನಡದಲ್ಲಿ ಹುಡುಕುವವರಿಗೆ ಒಂದು ವಿಚಿತ್ರ ತೊಂದರೆ ಇದೆ. ನಾವು ಎಲ್ಲರ ಸಾವಿಗೂ ಒಂದೇ ಪದ ಬಳಸುವುದಿಲ್ಲ. 'ನಿಧನ' ಅಂತ ಹುಡುಕಿದರೆ ಸಿದ್ಧಗಂಗಾ ಸ್ವಾಮೀಜಿ ಕೈತಪ್ಪಬಹುದು, ಅವರು 'ಲಿಂಗೈಕ್ಯ'ರಾದವರು. ಮಂತ್ರಾಲಯದ ರಾಯರು 'ಬೃಂದಾವನ ಪ್ರವೇಶ' ಮಾಡಿದರು. ಸಂಗೊಳ್ಳಿ ರಾಯಣ್ಣ 'ಹುತಾತ್ಮ', ಅಥವಾ 'ಗಲ್ಲಿಗೇರಿಸಿದರು'. ಸಿನಿಮಾದವರಾದರೆ ಪತ್ರಿಕೆಯ ತಲೆಬರಹದಲ್ಲಿ 'ಇನ್ನಿಲ್ಲ'. ಸಾಹಿತಿಗಳು 'ಅಸ್ತಂಗತ', ಸಂಗೀತಗಾರರ ಗಾನ 'ಮೌನ'. ಇಷ್ಟನ್ನೂ ಹಾಕಿ ಹುಡುಕಿ. ಬರೆಯುವಾಗಲೂ ಆಯಾ ಪದವನ್ನೇ ಇಡಿ. ರಾಯಣ್ಣನ ಮುಂದೆ 'ನಿಧನ' ಅಂತ ಬರೆದರೆ ಹಾಸಿಗೆ ಹಿಡಿದು ಹೋದ ಹಾಗೆ ಕೇಳಿಸುತ್ತದೆ. ಅವನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಬ್ರಿಟಿಷರು ನೇಣಿಗೆ ಹಾಕಿದರು, ಹಾಗೇ ಬರೆಯಿರಿ. ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅದೇ ಜನವರಿ 26ಕ್ಕೆ, 2015ರಲ್ಲಿ, ಪುಣೆಯಲ್ಲಿ ತೀರಿಕೊಂಡರು. ಸಿಡುಬಿಗೆ ಲಸಿಕೆ ಕೊಟ್ಟ ಎಡ್ವರ್ಡ್ ಜೆನ್ನರ್ ಕೂಡ, 1823ರಲ್ಲಿ. ಎಲ್ಲರೂ ಧ್ವಜ ಹಾರಿಸುವ ಗಡಿಬಿಡಿಯಲ್ಲಿರುವ ದಿನ ಅದು, ಹಲಗೆ ಓದುವವರು ಕಮ್ಮಿ.

ಈಗ ಗಡಿಯಾರದ ವಿಷಯಕ್ಕೆ ಬರೋಣ. ನನಗೆ ಅತ್ಯಂತ ಇಷ್ಟದ ಭಾಗ ಇದು.

1963ರ ನವೆಂಬರ್ 22 ಈ ಆಟದ ದೊಡ್ಡ ತಾರೀಖು. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ, ಇಂಗ್ಲಿಷ್ ಲೇಖಕರಾದ ಸಿ.ಎಸ್. ಲೂಯಿಸ್ ಮತ್ತು ಆಲ್ಡಸ್ ಹಕ್ಸ್‌ಲಿ ಮೂವರೂ ಆ ದಿನ ಹೋದರು. ಕೆನಡಿಯ ಸುದ್ದಿಯಲ್ಲಿ ಉಳಿದಿಬ್ಬರು ಮುಚ್ಚಿಹೋದರು. ಎಲ್ಲ ಪಟ್ಟಿಯಲ್ಲೂ ಇದು ಇರುತ್ತದೆ. ಒಂದು ಕಾಗದ ತಗೊಂಡು ಸಮಯ ಬರೆಯಿರಿ. ಲೂಯಿಸ್ ಆಕ್ಸ್‌ಫರ್ಡ್‌ನ ಮನೆಯಲ್ಲಿ ಕುಸಿದದ್ದು ಅಲ್ಲಿನ ಸಂಜೆ ಐದೂವರೆಗೆ. ನಮ್ಮ ಗಡಿಯಾರ ಐದೂವರೆ ಗಂಟೆ ಮುಂದೆ, ಅಂದರೆ ನಮಗೆ ರಾತ್ರಿ 11. ಒಂದು ಗಂಟೆ ಆದ ಮೇಲೆ ಡಲ್ಲಾಸ್‌ನಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಕೆನಡಿಗೆ ಗುಂಡು ಬಿತ್ತು. ಡಲ್ಲಾಸ್‌ಗಿಂತ ನಾವು ಹನ್ನೊಂದೂವರೆ ಗಂಟೆ ಮುಂದೆ. ಕೂಡಿಸಿ. ಸರಿಯಾಗಿ ರಾತ್ರಿ 12! ಆಸ್ಪತ್ರೆಯಲ್ಲಿ ಸಾವು ಅಂತ ಘೋಷಿಸಿದ್ದು ಅಲ್ಲಿನ ಒಂದು ಗಂಟೆಗೆ, ನಮಗೆ ಆಗಲೇ 23ನೇ ತಾರೀಖು ಹನ್ನೆರಡೂವರೆ. ಹಕ್ಸ್‌ಲಿ ಲಾಸ್ ಏಂಜಲೀಸ್‌ನಲ್ಲಿ ಸಂಜೆ 5.20ಕ್ಕೆ, ಅಂದರೆ ಇಲ್ಲಿ 23ರ ಬೆಳಗ್ಗೆ 6.50, ಕಾಫಿ ಹೊತ್ತು. ನಮ್ಮ ಗಡಿಯಾರದಲ್ಲಿ ನೋಡಿದರೆ ಲೂಯಿಸ್ ಒಂದು ದಿನ ಹೋದರು, ಇನ್ನಿಬ್ಬರು ಮಾರನೇ ದಿನ.

ಹಾಗಾದರೆ ಏನು ಬರೆಯಬೇಕು? ನಿಯಮ ಸುಲಭ: ಸತ್ತ ಊರಿನ ತಾರೀಖು. ಎಲ್ಲರೂ ಒಪ್ಪುವ ಲೆಕ್ಕ ಅದೇ. ಆದರೆ 'ಒಂದೇ ಹೊತ್ತಿಗೆ', 'ಒಟ್ಟಿಗೆ', 'ಜೊತೆಯಲ್ಲೇ' ಅನ್ನುವ ಪದ ಬಳಸುವ ಮುಂಚೆ ಈ ಲೆಕ್ಕ ಮಾಡಿ ನೋಡಿ. ಊರು, ಸಮಯ ಎರಡು ಕಾಲಂ ಬಿಡಿ ಅಂದದ್ದು ಇದಕ್ಕೇ. ಗಾಂಧೀಜಿ ಕುಸಿದಾಗ ದೆಹಲಿಯಲ್ಲಿ ಸಂಜೆ 5.17, ಡೇಟನ್ ಊರಲ್ಲಿ ಇನ್ನೂ ಬೆಳಗ್ಗೆ ಏಳೂ ಆಗಿರಲಿಲ್ಲ. ವಿದೇಶದಲ್ಲಿರುವ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಮ್ಮನಿಗೆ ಹುಟ್ಟುಹಬ್ಬದ ಫೋನ್ ಹಿಂದಿನ ದಿನವೇ ಮಾಡಿ ರೂಢಿ ಇರುತ್ತದೆ.

ನಮ್ಮಲ್ಲೇ ಇನ್ನೊಂದು ಇದೆ. 2009ರ ಡಿಸೆಂಬರ್ ನೆನಪಿದೆಯಾ? ಗಾಯಕ ಸಿ. ಅಶ್ವತ್ಥ್, ನಟ ವಿಷ್ಣುವರ್ಧನ್ ಇಬ್ಬರೂ 'ಒಂದೇ ದಿನ' ಹೋದರು ಅಂತ ಎಷ್ಟೋ ಜನರ ನೆನಪು. ಒಂದೇ ದಿನ ಅಲ್ಲ. ಅಶ್ವತ್ಥ್ 29ಕ್ಕೆ, ಅದು ಅವರು ಹುಟ್ಟಿದ ದಿನವೂ ಹೌದು, ಸರಿಯಾಗಿ 70 ತುಂಬಿತ್ತು. ವಿಷ್ಣುವರ್ಧನ್ ಮೈಸೂರಿನಲ್ಲಿ 30ರ ಬೆಳಗಿನ ಜಾವ. ನಡುವೆ ಒಂದು ನಡುರಾತ್ರಿ ಇದೆ. ನಾನು ಹಲಗೆಯ ಮೇಲೆ ಎರಡು ದಿನ ಬೇರೆ ಬೇರೆ ಬರೆದಾಗ ಒಬ್ಬ ಅಜ್ಜಿ ಬಂದು ತಪ್ಪು ಅಂದರು. ತಾರೀಖು ತೋರಿಸಿದೆ. ಅವರು ಒಪ್ಪಲಿಲ್ಲ. "ಸೂರ್ಯ ಹುಟ್ಟೋ ಮುಂಚೆ ಅಂದ್ರೆ ಇನ್ನೂ ಹಿಂದಿನ ದಿನಾನೇ ಅಲ್ವೇನೋ?" ಅಂದರು. ಯೋಚನೆ ಮಾಡಿದರೆ ಅಜ್ಜಿಯ ಲೆಕ್ಕದಲ್ಲಿ ತಪ್ಪೇನಿಲ್ಲ. ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ಅವರ ಮಂಗಳವಾರ ಇನ್ನೂ ಮುಗಿದಿರಲಿಲ್ಲ. ಆದರೂ ಹಲಗೆಯಲ್ಲಿ 29, 30 ಅಂತಲೇ ಇಟ್ಟೆ, ಯಾಕೆಂದರೆ ತಲೆಬರಹದಲ್ಲಿ ನಾನು ಬರೆದದ್ದು ಇಂಗ್ಲಿಷ್ ತಾರೀಖು. ಒಂದು ಹಲಗೆಗೆ ಒಂದೇ ಲೆಕ್ಕ.

ಇದೇ ತಿಥಿಗೂ ಅನ್ವಯಿಸುತ್ತದೆ. ಮನೆಯಲ್ಲಿ ತಾತನ ಶ್ರಾದ್ಧ ತಿಥಿಗೆ ಮಾಡುತ್ತೇವೆ, ತಾರೀಖಿಗಲ್ಲ. ಸಂಗೀತದವರು ತ್ಯಾಗರಾಜರ ಆರಾಧನೆಯನ್ನು ಪುಷ್ಯ ಬಹುಳ ಪಂಚಮಿಗೆ, ಪುರಂದರದಾಸರದ್ದನ್ನು ಪುಷ್ಯ ಅಮಾವಾಸ್ಯೆಗೆ ಮಾಡುತ್ತಾರೆ. ಹತ್ತು ದಿನದ ಅಂತರ, ಅದಕ್ಕೇ ಎಷ್ಟೋ ಕಡೆ ಎರಡನ್ನೂ ಸೇರಿಸಿ ಒಂದೇ ಚಪ್ಪರದಲ್ಲಿ ಮುಗಿಸುತ್ತಾರೆ. ತ್ಯಾಗರಾಜರು ಸಮಾಧಿಯಾದ ತಾರೀಖು 1847ರ ಜನವರಿ 6. ಆ ತಾರೀಖಿಗೆ ಹಾಕಿದರೆ ಅವರ ಪಕ್ಕ ಬ್ರೈಲ್ ಲಿಪಿಯ ಲೂಯಿ ಬ್ರೈಲ್, ಬಟಾಣಿ ಗಿಡದಲ್ಲಿ ಅನುವಂಶಿಕತೆ ಕಂಡುಹಿಡಿದ ಗ್ರೆಗರ್ ಮೆಂಡೆಲ್ ಕೂರುತ್ತಾರೆ, 1852 ಮತ್ತು 1884. ಚೆನ್ನಾಗೇ ಇರುತ್ತದೆ. ಆದರೆ ಆ ದಿನ ಆರಾಧನೆ ಎಲ್ಲಿ ಅಂತ ಯಾರಾದರೂ ಕೇಳಿಕೊಂಡು ಹೋದರೆ ಚಪ್ಪರ ಖಾಲಿ ಇರಬಹುದು. ಟಿಪ್ಪುವಿನದೂ ಅಷ್ಟೇ. ಮೇ 4 ಅಂತ ನಾವು ಬರೆಯುತ್ತೇವೆ, ಶ್ರೀರಂಗಪಟ್ಟಣದ ಉರುಸ್ ಮಾತ್ರ ಹಿಜರಿ ಲೆಕ್ಕದಲ್ಲಿ ನಡೆಯುತ್ತದೆ, ವರ್ಷ ವರ್ಷವೂ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ತಿಥಿಯವರಿಗೆ ಬೇರೆ ನೋಟ್‌ಬುಕ್ಕೇ ಇಡಿ. ನನ್ನ ಹತ್ತಿರ ನೂರು ಪುಟದ ಒಂದು ಇದೆ, ಯುಗಾದಿಯಿಂದ ಶುರು.

ಮೇಷ್ಟ್ರು ಹೇಳಿದ ಷೇಕ್ಸ್‌ಪಿಯರ್ ವಿಷಯ ಈಗ. ಹಳೇ ಯುರೋಪಿನ ಕ್ಯಾಲೆಂಡರ್ ಜೂಲಿಯನ್. ಅದು ಸೂರ್ಯನಿಗಿಂತ ನಿಧಾನಕ್ಕೆ ಹಿಂದೆ ಬಿದ್ದಿತ್ತು. 1582ರಲ್ಲಿ ಪೋಪ್ ಹದಿಮೂರನೇ ಗ್ರೆಗರಿ ಅದನ್ನು ಸರಿಮಾಡಿಸಿ ಹತ್ತು ದಿನ ಹಾರಿಸಿದರು. ಸ್ಪೇನ್ ತಕ್ಷಣ ಒಪ್ಪಿತು. ಇಂಗ್ಲೆಂಡಿಗೆ ಪೋಪ್ ಆಗುತ್ತಿರಲಿಲ್ಲ, ಒಪ್ಪಲಿಲ್ಲ, 1752ರವರೆಗೂ ಹಳೇ ಕ್ಯಾಲೆಂಡರನ್ನೇ ಹಿಡಿದುಕೊಂಡು ಕೂತಿತು. ಹೀಗಾಗಿ 1616ರಲ್ಲಿ ಇಂಗ್ಲೆಂಡ್ 'ಏಪ್ರಿಲ್ 23' ಅಂದಾಗ ಸ್ಪೇನಿನಲ್ಲಿ ಮೇ 3. ಸಾಲದ್ದಕ್ಕೆ ಸರ್ವಾಂಟಿಸ್ ತೀರಿಕೊಂಡದ್ದು 22ಕ್ಕೆ, 23 ಮಣ್ಣು ಮಾಡಿದ ದಿನ. ಅಂದರೆ ಇಬ್ಬರ ನಡುವೆ ಹನ್ನೊಂದು ದಿನ. ನಾನು ಬಣ್ಣದ ಸೀಮೆಸುಣ್ಣದಲ್ಲಿ ಬರೆದ 'ಒಟ್ಟಿಗೆ' ಅಷ್ಟು ಉದ್ದ ಇತ್ತು.

ಆದ್ದರಿಂದ ಯುರೋಪಿನ ಹಳೇ ಹೆಸರು ಬಂದರೆ ಕೇಳಿಕೊಳ್ಳಿ: ಯಾವ ದೇಶ, ಯಾವ ವರ್ಷ, ಆ ದೇಶ ಕ್ಯಾಲೆಂಡರ್ ಬದಲಾಯಿಸಿದ್ದು ಯಾವಾಗ. ಇಟಲಿ, ಸ್ಪೇನ್ 1582. ಬ್ರಿಟನ್ 1752, ಸೆಪ್ಟೆಂಬರ್ 2 ಮಲಗಿದವರು ಎದ್ದಾಗ 14. ರಷ್ಯಾ 1918, ಜನವರಿ 31ರ ಮಾರನೇ ದಿನ ಫೆಬ್ರವರಿ 14. ಟಾಲ್‌ಸ್ಟಾಯ್ 1910ರ ನವೆಂಬರ್ 7ಕ್ಕೆ ಹೋದರು ಅಂತ ಒಂದು ಕಡೆ, 20 ಅಂತ ಇನ್ನೊಂದು ಕಡೆ ಕಂಡರೆ ಎರಡೂ ಸರಿ. ಹೊಸ ಲೆಕ್ಕದ್ದನ್ನು ತಗೊಳ್ಳಿ. ಜನವರಿ 30ಕ್ಕೆ ಗಾಂಧೀಜಿಯ ಮೇಲಿನ ಸಾಲಿನಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸ್‌ನನ್ನು ಬರೆಯುವವರಿದ್ದಾರೆ. ತಲೆ ಕಡಿದದ್ದು 1649ರ ಜನವರಿ 30 ನಿಜ, ಹಳೇ ಲೆಕ್ಕದಲ್ಲಿ. ಅದೇ ದಿನ ಪ್ಯಾರಿಸ್ಸಿನವರ ಕ್ಯಾಲೆಂಡರಿನಲ್ಲಿ ಫೆಬ್ರವರಿ 9. ತಮಾಷೆ ಇನ್ನೂ ಇದೆ. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು, ಅದಕ್ಕೇ ಆ ಕಾಲದ ಅಲ್ಲಿನ ಕಾಗದಪತ್ರದಲ್ಲಿ ವರ್ಷ 1648.

ಇಡೀ ಕ್ಯಾಲೆಂಡರ್ ಕಥೆಯಲ್ಲಿ ನನಗೆ ಹಿಡಿಸಿದ್ದು ಸ್ಪೇನಿನ ಸನ್ಯಾಸಿನಿ ಆವಿಲಾದ ತೆರೇಸಾ. ಅವರು ಕಣ್ಣು ಮುಚ್ಚಿದ್ದು 1582ರ ಅಕ್ಟೋಬರ್ 4ರ ರಾತ್ರಿ. ಬೆಳಗಾದಾಗ ಅಕ್ಟೋಬರ್ 15. ಕ್ಯಾಲೆಂಡರ್ ಬದಲಾದ ರಾತ್ರಿಯೇ ಅದು. ಇವತ್ತಿಗೂ ಅವರ ಹಬ್ಬ 15ಕ್ಕೆ.

ಈಗ ಹತ್ತಿರದ ತಕರಾರು. ಕ್ಯಾಲೆಂಡರೂ ಒಂದೇ, ಊರೂ ಒಂದೇ, ಆದರೂ ಎರಡು ತಾರೀಖು ಓಡಾಡುತ್ತಿರುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು 1962ರ ಏಪ್ರಿಲ್‌ನಲ್ಲಿ ನೂರು ದಾಟಿ ತೀರಿಕೊಂಡರು. 12 ಅಂತ ಕೆಲವು ಕಡೆ ಅಚ್ಚಾಗಿದೆ, 14 ಅಂತ ಕೆಲವು ಕಡೆ. 12 ಆದರೆ ರಾಜ್‌ಕುಮಾರ್ ಜೊತೆ ಕೂರಿಸಬಹುದು ಅಂತ ಕೈ ತುರಿಸುತ್ತದೆ. ತಡೆಯಿರಿ. ಇಂಥ ಕಡೆ ಪುಸ್ತಕಕ್ಕಿಂತ ಆ ವಾರದ ದಿನಪತ್ರಿಕೆ ವಾಸಿ. ದೊಡ್ಡ ಗ್ರಂಥಾಲಯಗಳಲ್ಲಿ ಹಳೇ ಪತ್ರಿಕೆಯ ಬೈಂಡ್ ಇರುತ್ತದೆ, ಕೇಳಿದರೆ ತೋರಿಸುತ್ತಾರೆ. ಸುದ್ದಿ ಬಂದ ದಿನ ಬೇರೆ, ಸತ್ತ ದಿನ ಬೇರೆ ಅಂತ ಮರೆಯಬೇಡಿ. ಬೆಳಗಿನ ಪೇಪರಿನಲ್ಲಿ 'ನಿನ್ನೆ' ಅಂತ ಇರುತ್ತದೆ, ಪೇಪರಿನ ತಾರೀಖನ್ನು ಹಾಗೇ ಎತ್ತಿಕೊಂಡರೆ ಒಂದು ದಿನ ಮುಂದೆ ಹೋಗುತ್ತೀರಿ. ಪೇಪರ್ ಸಿಗುವವರೆಗೂ ಆ ಹೆಸರು ಡೈರಿಯಲ್ಲಿ ಪೆನ್ಸಿಲ್ಲಿನಲ್ಲಿ ಇರಲಿ.

ವಾಟ್ಸಾಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರತಿ ಫೆಬ್ರವರಿ 14ಕ್ಕೆ 'ಭಗತ್ ಸಿಂಗ್‌ಗೆ ಗಲ್ಲಾದ ದಿನ, ನೀವು ಗುಲಾಬಿ ಹಂಚುತ್ತಿದ್ದೀರಿ' ಅಂತ ಒಂದು ಬರುತ್ತದೆ. ಶಿಕ್ಷೆ ವಿಧಿಸಿದ್ದು 1930ರ ಅಕ್ಟೋಬರ್ 7, ಗಲ್ಲು ಮಾರ್ಚ್ 23. ಬೈಯುವ ಫಾರ್ವರ್ಡ್ ಬಂದರೆ ತಾರೀಖು ಎರಡು ಸಲ ನೋಡಿ.

ಜುಲೈ 4ಕ್ಕೆ ಬಂದಾಗ ಸ್ವಲ್ಪ ನಿಲ್ಲಲೇಬೇಕು. ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಬರೆದ ಥಾಮಸ್ ಜೆಫರ್ಸನ್, ಅದಕ್ಕಾಗಿ ಹೋರಾಡಿದ ಜಾನ್ ಆಡಮ್ಸ್. ಗೆಳೆಯರು, ಆಮೇಲೆ ರಾಜಕೀಯದಲ್ಲಿ ಎದುರಾಳಿಗಳು, ಇಬ್ಬರೂ ಅಧ್ಯಕ್ಷರಾದರು, ಮುಪ್ಪಿನಲ್ಲಿ ಮತ್ತೆ ಕಾಗದ ಬರೆದುಕೊಂಡು ರಾಜಿಯಾದರು. 1826ರ ಜುಲೈ 4, ಘೋಷಣೆಗೆ ಸರಿಯಾಗಿ ಐವತ್ತು ವರ್ಷ. ವರ್ಜೀನಿಯಾದ ಮಾಂಟಿಚೆಲೊ ಮನೆಯಲ್ಲಿ ಮಧ್ಯಾಹ್ನ ಒಂದಕ್ಕೆ ಸ್ವಲ್ಪ ಮುಂಚೆ ಜೆಫರ್ಸನ್ ಹೋದರು, 83 ವರ್ಷ. ದೂರದ ಮಸಾಚುಸೆಟ್ಸ್‌ನಲ್ಲಿ ಸಂಜೆ ಆಡಮ್ಸ್, 90 ವರ್ಷ. ಸಾಯುವ ಮುಂಚೆ ಆಡಮ್ಸ್ 'ಜೆಫರ್ಸನ್ ಇನ್ನೂ ಇದ್ದಾರೆ' ಎಂಬರ್ಥದ ಮಾತು ಆಡಿದರು ಅನ್ನುತ್ತಾರೆ. ತಂತಿ ಇಲ್ಲದ ಕಾಲ, ಆ ಮನೆಗೆ ಸುದ್ದಿ ಮುಟ್ಟುವ ಬಗೆಯೇ ಇರಲಿಲ್ಲ. ಐದು ವರ್ಷಕ್ಕೆ, 1831ರ ಜುಲೈ 4ಕ್ಕೇ, ಐದನೇ ಅಧ್ಯಕ್ಷ ಜೇಮ್ಸ್ ಮನ್ರೋ ಕೂಡ. ಮೊದಲ ಐದು ಅಧ್ಯಕ್ಷರಲ್ಲಿ ಮೂವರು! ನಾಲ್ಕನೆಯವರು ಮ್ಯಾಡಿಸನ್ 1836ರ ಜೂನ್ 28ಕ್ಕೆ ಹೋದರು, ಆರು ದಿನ ಕಮ್ಮಿ. ಔಷಧ ಕೊಟ್ಟು ನಾಲ್ಕರವರೆಗೆ ಉಳಿಸೋಣವೇ ಅಂತ ಕೇಳಿದ್ದರಂತೆ, ಬೇಡ ಅಂದರಂತೆ. ಇಷ್ಟರ ಮೇಲೆ 1902ರ ಜುಲೈ 4ರ ರಾತ್ರಿ ಬೇಲೂರು ಮಠದಲ್ಲಿ ವಿವೇಕಾನಂದರು. ಕಲ್ಕತ್ತೆಯ ಹತ್ತಿರದ ಬೇಲೂರು, ನಮ್ಮ ಹಾಸನದ್ದಲ್ಲ, ಇದನ್ನೂ ಬರೆಯಬೇಕಾಗುತ್ತದೆ, ಕೇಳಿಯೇ ಕೇಳುತ್ತಾರೆ. ನಾಲ್ಕು ವರ್ಷ ಮುಂಚೆ ಕಾಶ್ಮೀರದಲ್ಲಿದ್ದಾಗ ಅವರು ಇದೇ ಜುಲೈ 4ರ ಮೇಲೆ ಒಂದು ಇಂಗ್ಲಿಷ್ ಪದ್ಯ ಬರೆದಿದ್ದರು. 1934ರಲ್ಲಿ ಮೇರಿ ಕ್ಯೂರಿ, 1963ರಲ್ಲಿ ನಮ್ಮ ಬಾವುಟದ ಹೆಸರಿನ ಜೊತೆ ನೆನೆಯುವ ಪಿಂಗಳಿ ವೆಂಕಯ್ಯ. ಈ ಒಂದು ದಿನಕ್ಕೆ ಹಲಗೆ ಸಾಲುವುದಿಲ್ಲ.

ಇದನ್ನು ಓದಿದವರು 'ಏನೋ ಇದೆ ಕಣ್ರೀ' ಅನ್ನುತ್ತಾರೆ. ಸಂಖ್ಯಾಶಾಸ್ತ್ರದವರು ಬಂದು ನಾಲ್ಕು, ಏಳು ಕೂಡಿಸಿ ಹನ್ನೊಂದು ಅನ್ನುತ್ತಾರೆ. ಸಮಾಧಾನ. ಜಗತ್ತಿನಲ್ಲಿ ಈಗ ದಿನಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ. ಸುಮ್ನೆ 23 ಜನರನ್ನು ಸೇರಿಸಿದರೆ ಅವರಲ್ಲಿ ಯಾರೋ ಇಬ್ಬರ ಹುಟ್ಟಿದ ದಿನ ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ, ಸಾವಿನ ದಿನಕ್ಕೂ ಅದೇ ಗಣಿತ. ಸಾವಿರಾರು ಹೆಸರುವಾಸಿಗಳನ್ನು 366 ಪುಟಕ್ಕೆ ಹಂಚಿದರೆ ಯಾವ ಪುಟವೂ ಖಾಲಿ ಉಳಿಯುವುದಿಲ್ಲ. ಜೆಫರ್ಸನ್ ವಿಷಯದಲ್ಲಿ ಮಾತ್ರ ನನಗೊಂದು ಅನುಮಾನ. ಕೊನೆಯ ರಾತ್ರಿಗಳಲ್ಲಿ ಅವರು ಎಚ್ಚರವಾದಾಗಲೆಲ್ಲ 'ನಾಲ್ಕನೇ ತಾರೀಖಾಯಿತಾ' ಅಂತ ಕೇಳುತ್ತಿದ್ದರಂತೆ. ಹಬ್ಬ ಮುಗಿಯುವವರೆಗೆ ಜೀವ ಹಿಡಿದುಕೊಂಡ ಅಜ್ಜ ಅಜ್ಜಿಯರನ್ನು ನಾವೂ ಕಂಡಿದ್ದೇವೆ, ಅಲ್ವಾ?

ಹೆಸರು ಆರಿಸುವಾಗ ಎಂಥ ಜೋಡಿ ಇಡಬೇಕು? ನನ್ನ ರುಚಿ ಹೇಳುತ್ತೇನೆ. ಎರಡು ಹೆಸರಿನ ನಡುವೆ ಒಂದು ದಾರ ಕಾಣಬೇಕು. 1990ರ ಸೆಪ್ಟೆಂಬರ್ 30ಕ್ಕೆ ದಾವಣಗೆರೆ ಹತ್ತಿರದ ಆನಗೋಡಿನ ಬಳಿ ಕಾರು ಅಪಘಾತದಲ್ಲಿ ಶಂಕರ್ ನಾಗ್, 35 ವರ್ಷ. 1955ರ ಸೆಪ್ಟೆಂಬರ್ 30ಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಕಾರು ಅಪಘಾತದಲ್ಲಿ ನಟ ಜೇಮ್ಸ್ ಡೀನ್, 24 ವರ್ಷ. ಇಲ್ಲಿ ಒಂದು ಪದವನ್ನೂ ಹೆಚ್ಚು ಬರೆಯಬೇಕಿಲ್ಲ. ಊರು, ವರ್ಷ, ವಯಸ್ಸು ಬರೆದು ಸೀಮೆಸುಣ್ಣ ಕೆಳಗಿಡಿ. ಅಕ್ಟೋಬರ್ 29ಕ್ಕೆ ಪುನೀತ್ ರಾಜ್‌ಕುಮಾರ್ ಒಬ್ಬರನ್ನೇ ಎಲ್ಲರೂ ಬರೆಯುತ್ತಾರೆ. ಮಂಗಳೂರಲ್ಲಿ ಹುಟ್ಟಿ, ದೇಶದ ಕೈಮಗ್ಗ, ಕರಕುಶಲ ಕೆಲಸಗಳಿಗೆ ಜೀವ ತುಂಬಿದ ಕಮಲಾದೇವಿ ಚಟ್ಟೋಪಾಧ್ಯಾಯ 1988ರಲ್ಲಿ ಅದೇ ದಿನ ಹೋದವರು, ಕೆಳಗೆ ಅವರಿಗೂ ಒಂದು ಸಾಲು ಕೊಡಿ.

ನಾನು ಹೋದ ವರ್ಷ ಜನವರಿ 24ಕ್ಕೆ ಬರೆದದ್ದು ಹೀಗಿತ್ತು:

1895: ರಾಂಡಾಲ್ಫ್ ಚರ್ಚಿಲ್, ಲಂಡನ್.
1965: ಮಗ ವಿನ್‌ಸ್ಟನ್ ಚರ್ಚಿಲ್, ಲಂಡನ್. ಅಪ್ಪ ಹೋಗಿ ಸರಿಯಾಗಿ 70 ವರ್ಷಕ್ಕೆ.
1966: ಹೋಮಿ ಭಾಭಾ, ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಬೆಟ್ಟಕ್ಕೆ ಏರ್ ಇಂಡಿಯಾ ವಿಮಾನ ಬಡಿದು. ಇಂದಿರಾ ಗಾಂಧಿ ಮೊದಲ ಸಲ ಪ್ರಧಾನಿಯಾದ ದಿನ.
2011: ಗದಗ ಜಿಲ್ಲೆಯ ಭೀಮಸೇನ ಜೋಶಿ, ಪುಣೆ.

ನಾಲ್ಕೇ ಸಾಲು. ರೋಮಿನ ಚಕ್ರವರ್ತಿ ಕಲಿಗುಲಾನನ್ನು ಕ್ರಿ.ಶ. 41ರಲ್ಲಿ ಕೊಂದದ್ದೂ ಇದೇ ದಿನ. ಮೊದಲು ಬರೆದಿದ್ದೆ, ಆಮೇಲೆ ಅಳಿಸಿದೆ. ಭೀಮಸೇನ ಜೋಶಿ ಇರುವ ಹಲಗೆಯಲ್ಲಿ ಅವನೇಕೆ? ಭಾಭಾ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಿ.ವಿ. ರಾಮನ್ ಜೊತೆ ಕೆಲಸ ಮಾಡಿದ್ದರು ಅಂತ ಸೇರಿಸುವ ಆಸೆಯಿತ್ತು, ಜಾಗ ಇರಲಿಲ್ಲ. ವಿಶೇಷಣ ಹಾಕಲೇಬೇಡಿ. 'ಮಹಾನ್', 'ಧೀಮಂತ', 'ಅಪ್ರತಿಮ' ಮೂರೂ ಬಿಟ್ಟರೆ ಒಂದು ಸಾಲು ಮಿಗುತ್ತದೆ. ಇತ್ತೀಚೆಗೆ ಹೋದವರಾದರೆ ಹೇಗೆ ಸತ್ತರು ಅಂತ ಬಿಡಿಸಿ ಬರೆಯಬೇಡಿ, ಮನೆಯವರು ಇದೇ ರಸ್ತೆಯಲ್ಲಿ ಓಡಾಡುತ್ತಿರಬಹುದು.

ಹುಟ್ಟಿದ ದಿನವೇ ಹೋದವರಿಗೆ ನಾನು ಪಕ್ಕದಲ್ಲಿ ಒಂದು ಸೊನ್ನೆ ಹಾಕುತ್ತೇನೆ. ಅಶ್ವತ್ಥ್ ಇದ್ದಾರೆ. ಮಾಸ್ತಿಯವರೂ ಇದ್ದಾರೆ, 1891ರ ಜೂನ್ 6ಕ್ಕೆ ಹುಟ್ಟಿ 1986ರ ಜೂನ್ 6ಕ್ಕೆ 95 ತುಂಬಿಸಿಕೊಂಡು ಹೋದರು.

ಏಪ್ರಿಲ್ 23ಕ್ಕೆ ಈಗ ಷೇಕ್ಸ್‌ಪಿಯರ್, ಪಕ್ಕದಲ್ಲಿ ಚಿಕ್ಕದಾಗಿ 'ಹಳೇ ಲೆಕ್ಕ' ಅಂತ. ಕೆಳಗೆ 1850ರ ವರ್ಡ್ಸ್‌ವರ್ತ್, 1992ರ ಸತ್ಯಜಿತ್ ರೇ. ಸರ್ವಾಂಟಿಸ್‌ರನ್ನು ಹಿಂದಿನ ದಿನಕ್ಕೆ ಕಳಿಸಿದ್ದೇನೆ. ಮೇಷ್ಟ್ರು ಈಗಲೂ ಹತ್ತು ಗಂಟೆಗೆ ಬಂದು ಕನ್ನಡಕ ಸರಿಮಾಡಿಕೊಳ್ಳುತ್ತಾರೆ, ನಾನು ಒಳಗೆ ಪೇಪರ್ ಜೋಡಿಸುವ ಹಾಗೆ ನಟಿಸುತ್ತೇನೆ. ಹೋದ ವಾರ ಬಂದು, "ಫೆಬ್ರವರಿ 29ಕ್ಕೆ ಯಾರನ್ನು ಇಟ್ಟಿದ್ದೀಯಪ್ಪಾ?" ಅಂದರು. 1868ರ ಬವೇರಿಯಾದ ದೊರೆ ಒಂದನೇ ಲುಡ್ವಿಗ್ ಅಂದೆ. "ಒಬ್ಬನೇನಾ?" ಅಂದರು. ಮುಂದಿನದು 2028ಕ್ಕೆ ಸಾರ್, ಟೈಮಿದೆ ಅಂದೆ.